ಸಿಗಡಿಯೋ, ಹಿಲ್ಸಾ ಮೀನೋ?

ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯವೆಂದರೆ ಮೀನು ಮಾರುಕಟ್ಟೆಗೂ ಹಬ್ಬ. ಮೋಹನ್ ಬಾಗಾನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ! 1889ರಲ್ಲಿ ಹುಟ್ಟಿದ ಬಾಗಾನ್ ಪಶ್ಚಿಮ ಬಂಗಾಳದ ಹಳಬರಾದ 'ಘೋಟಿ'ಗಳ ತಂಡ. 1920ರ ಈಸ್ಟ್ ಬೆಂಗಾಲ್ ಪೂರ್ವ ಬಂಗಾಳದಿಂದ ಬಂದ 'ಬಾಂಗಾಲ'ರದು. ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡವರಿಗೆ ಅದೇ ತವರಿನ ಗುರುತು. ಇಂಥ ಎರಡು ಮನೆತನಗಳ ನಡುವೆ ಮದುವೆಯಾದರೆ ಗಂಡನದೊಂದು ತಂಡ, ಹೆಂಡತಿಯದೊಂದು. ಸೋತವರೂ ಗೆದ್ದವರ ಮೀನನ್ನೇ ಉಣ್ಣಬೇಕು! ಕೀಟಲೆ ಅಲ್ಲಿಗೇ ಮುಗಿಯುತ್ತದೆ.

ಮೈದಾನದಲ್ಲಿ ಹಾಗಾಗದ ದಿನವೂ ಇತ್ತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಅಭಿಮಾನಿಗಳ ಗಲಭೆ, ನೂಕುನುಗ್ಗಲಿಗೆ 16 ಮಂದಿ ಬಲಿಯಾದರು. ಅವರ ನೆನಪಿಗೆ ಆ ದಿನ ನಗರದಲ್ಲಿ ರಕ್ತದಾನ ನಡೆಯುತ್ತದೆ. ಎದುರಾಳಿ ಇರಲಿ, ಹಗೆ ಬೇಡ ಎಂಬುದನ್ನು ಇಂಥ ಮನೆಯ ಮಕ್ಕಳು ಊಟದ ತಟ್ಟೆಯ ಮುಂದೆಯೇ ಕಲಿಯುತ್ತಾರೆ.