ನಮ್ಮ ಮಾತಿನ ಸಾಹಿತಿ ಕಂಬಾರರು

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ಡಾ. ಚಂದ್ರಶೇಖರ ಕಂಬಾರರ ಬಗ್ಗೆ ಬರೆದಿದ್ದೇನೆ. ಅವರು ಕವಿ, ನಾಟಕಕಾರರು ಅಂತ ನಮಗೆಲ್ಲ ಗೊತ್ತದ. ಕಾದಂಬರಿ ಬರೆದವರೂ ಹೌದು, ಸಿನೆಮಾ ಮಾಡಿದವರೂ ಹೌದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಕಂಬಾರರು 1937ರ ಜನವರಿ 2ರಂದು ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿದರು. ಅದೂ ನಮ್ಮ ಘೋಣಸಗಿಯಂಥ ಹಳ್ಳಿಯೇ. ಮನೆತನದ ಕಸುಬು ಕಂಬಾರಿಕೆ. ಬಡತನದಿಂದ ಅವರ ಸಾಲಿ ನಡುವೆಯೇ ನಿಂತಿತ್ತು. ಆಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಖರ್ಚು ವಹಿಸಿಕೊಂಡು ಓದಿಸಿದರು. ಅದೇ ಹುಡುಗ ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲನೆಯ ಕುಲಪತಿ ಆದರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು.

'ಕರಿಮಾಯಿ', 'ಸಿಂಗಾರೆವ್ವ ಮತ್ತು ಅರಮನೆ' ಅವರ ಹೆಸರಾದ ಕಾದಂಬರಿಗಳು. ತಮ್ಮ ಬರವಣಿಗೆಗಾಗಿ ಶಿವಾಪುರ ಅಂತ ಒಂದು ಊರನ್ನೇ ಅವರು ಕಲ್ಪಿಸಿಕೊಂಡರು. 'ಕಾಡು ಕುದುರೆ' ಚಿತ್ರವನ್ನು ತಾವೇ ನಿರ್ದೇಶಿಸಿದರು. ಅದರ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಸಿಂಗಾರೆವ್ವನ ಕಥೆಯನ್ನು ಟಿ. ಎಸ್. ನಾಗಾಭರಣ ಅವರು ಸಿನೆಮಾ ಮಾಡಿದರು.

ಕಾದಂಬರಿಯೊಳಗ 'ತಾಯಿಗೆ ಚಿಂತೆ ಆಯಿತು' ಅಂತ ಬರೆದರೆ ಸಾಕು. ಸಿನೆಮಾದಾಗ ಚಿಂತೆ ಕಣ್ಣಿಗೆ ಕಾಣಬೇಕು. ದೀಪ ಉರಿಯುತ್ತದ, ಮುಚ್ಚಿಟ್ಟ ರೊಟ್ಟಿ ಹಾಂಗೇ ಅದ, ತಾಯಿ ಬಾಗಿಲ ಕಡೆ ನೋಡತಾಳ. ಹೀಗೆ ಒಂದೊಂದೇ ನೋಟವನ್ನು ಬರೆದಿಡುವುದೇ ಚಿತ್ರಕಥೆ. ಎರಡೂ ಕೆಲಸ ಒಬ್ಬರೇ ಮಾಡೋದು ಸಣ್ಣ ಮಾತಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಭಾಷೆ. ಒಮ್ಮೆ ಪ್ಯಾಟಿಯ ಭಾಷಣ ಸ್ಪರ್ಧೆಯಲ್ಲಿ ನಾನು 'ಹಾಂಗಲ್ರೀ' ಅಂದಾಗ ಮುಂದೆ ಕೂತವರು ಗೊಳ್ಳಂತ ನಕ್ಕರು. ಇನ್ನು ಮೇಲೆ ಬಾಯಿ ತೆರೆಯಬಾರದು ಅನ್ನಿಸಿತ್ತು. ಆದರೆ ನಮ್ಮ ಕಡೆಯ ಈ ಮಾತಿನಲ್ಲೇ, ಬಯಲಾಟದ ಧಾಟಿಯಲ್ಲೇ ಕಂಬಾರರು ಬರೆದರು. ಅದನ್ನು ದಿಲ್ಲಿಯವರೆಗೂ ಮೆಚ್ಚಿದರು. ಹಾಗಾದರೆ ನಮ್ಮ ಮಾತು ಕೀಳು ಹೇಗಾದೀತು?

ನಮ್ಮ ಕೂಡ ಕಲಿಯುತ್ತಿದ್ದ ಕೆಲವರು ಈಗ ಸಾಲಿ ಬಿಟ್ಟು ದ್ರಾಕ್ಷಿ ಪಡದ ಕೆಲಸಕ್ಕೆ, ಕಬ್ಬು ಕಡಿಯಲಿಕ್ಕೆ ಹೋಗುತ್ತಿದ್ದಾರೆ. ಅವರಲ್ಲಿಯೂ ಒಬ್ಬ ಕಂಬಾರರು ಇರಬಹುದು. ಗೆಳೆಯರೇ, ಅವರ ಮನೆಗೆ ಹೋಗಿ ಸಾಲಿಗೆ ಕರೀರಿ. ಗುರುಗಳೇ, ನೀವೂ ಅವರ ತಂದೆತಾಯಿಗೆ ಒಂದು ಮಾತು ಹೇಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.