ಕುದುರೆ ಪಕ್ಕದಲ್ಲಿ ಎಂಟು ಶನಿವಾರ

ನಿಜ ಹೇಳಬೇಕಂದ್ರೆ ನಾವು ಅಲ್ಲಿಗೆ ಹೋಗಿದ್ದು ಆಕ್ಟಿವಿಟಿ ಪಾಯಿಂಟ್‌ಗೋಸ್ಕರ. ಗಿಡ ನೆಡೋ ಕಾರ್ಯಕ್ರಮದ ಪಟ್ಟಿ ಭರ್ತಿಯಾಗಿತ್ತು. ಕೆರೆ ಸ್ವಚ್ಛತೆಗೆ ಬೆಳಗ್ಗೆ ಐದು ಗಂಟೆಗೆ ಏಳಬೇಕಿತ್ತು. ಉಳಿದಿದ್ದು ಒಂದೇ: ಊರ ಹೊರಗಿನ ಒಂದು ಕುದುರೆ ಸವಾರಿ ಶಾಲೆಯಲ್ಲಿ, ಅಂಗವೈಕಲ್ಯ ಇರುವ ಮಕ್ಕಳ ಚಿಕಿತ್ಸೆಗೆ ಪ್ರತಿ ಶನಿವಾರ ಸ್ವಯಂಸೇವಕರು ಬೇಕಾಗಿದ್ದಾರೆ ಅನ್ನೋ ನೋಟಿಸ್. ನಾವು ನಾಲ್ಕು ಜನ, ಇಬ್ಬರು ಹುಡುಗರು ಇಬ್ಬರು ಹುಡುಗಿಯರು, ಹೆಸರು ಕೊಟ್ವಿ. ಕುದುರೆ ಮೇಲೆ ಕೂತು ಒಂದು ರೀಲ್ ಮಾಡಬಹುದು ಅನ್ನೋ ಆಸೆಯೂ ಇತ್ತು.

ಮೊದಲ ದಿನ ಅಲ್ಲಿನ ಫಿಸಿಯೋಥೆರಪಿ ಮೇಡಂ ನಮ್ಮನ್ನ ಲಾಯದ ಮುಂದೆ ನಿಲ್ಲಿಸಿ, "ಕುದುರೆ ಮೇಲೆ ಕೂರಿಸಿದ್ರೆ ಮಗುವಿಗೆ ಏನು ಉಪಯೋಗ, ಹೇಳಿ ನೋಡೋಣ" ಅಂದ್ರು.

"ಖುಷಿ ಆಗುತ್ತೆ ಮೇಡಂ."

"ಖುಷಿಗೆ ಜೋಕಾಲಿ ಸಾಕಲ್ವಾ? ಇಷ್ಟು ದೊಡ್ಡ ಪ್ರಾಣಿ ಯಾಕೆ?"

ನಮ್ಮ ಹತ್ರ ಉತ್ತರ ಇರಲಿಲ್ಲ. ಅವರು ನಮ್ಮಲ್ಲೊಬ್ಬಳಿಗೆ ಹೆಲ್ಮೆಟ್ ಹಾಕಿಸಿ, ರಾಣಿ ಅನ್ನೋ ವಯಸ್ಸಾದ ಹೆಣ್ಣು ಕುದುರೆ ಮೇಲೆ, ಜೀನು ಇಲ್ಲದೆ ಬರೀ ಒಂದು ದಪ್ಪ ಬಟ್ಟೆ ಹಾಸಿ ಕೂರಿಸಿದ್ರು. ಕಣ್ಣು ಮುಚ್ಚಿಕೋ ಅಂದ್ರು. ಸೈಸ್ ಅಣ್ಣ ಹಗ್ಗ ಹಿಡಿದು ನಿಧಾನಕ್ಕೆ ಒಂದು ಸುತ್ತು ನಡೆಸಿದ್ರು. ಇಳಿದ ಮೇಲೆ ಅವಳು ಹೇಳಿದ್ದು: "ಕೂತೇ ಇದ್ದೆ ಕಣ್ರೋ, ಆದ್ರೆ ನಡೀತಾ ಇದ್ದ ಹಾಗೆ ಅನ್ನಿಸ್ತು."

ವಿಷಯ ಇರೋದೇ ಅಲ್ಲಿ. ಕುದುರೆ ನಡೆಯುವಾಗ ಅದರ ಬೆನ್ನು ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗಾಡುತ್ತೆ. ಮೇಲೆ ಕೂತವರ ಸೊಂಟವೂ ಅದರ ಜೊತೆಗೇ ಅಲುಗಾಡುತ್ತೆ. ನಾವು ನಡೆಯುವಾಗ ನಮ್ಮ ಸೊಂಟ ಆಡೋದೂ ಹೆಚ್ಚುಕಮ್ಮಿ ಹೀಗೇ. ಅಂದ್ರೆ, ಯಾವತ್ತೂ ಸ್ವಂತ ಕಾಲಲ್ಲಿ ನಡೆಯದ ಮಗುವಿನ ದೇಹಕ್ಕೆ ನಡಿಗೆಯ ಲಯವನ್ನ ಕುದುರೆ ಪರಿಚಯ ಮಾಡಿಕೊಡುತ್ತೆ. ಸೆರೆಬ್ರಲ್ ಪಾಲ್ಸಿ ಇರೋ ಎಷ್ಟೋ ಮಕ್ಕಳಿಗೆ ತೊಡೆಯ ಸ್ನಾಯುಗಳು ಬಿಗಿಯಾಗಿ ಎರಡೂ ಕಾಲು ಕತ್ತರಿಯ ಹಾಗೆ ಕೂಡಿಕೊಂಡಿರುತ್ತವೆ. ಕುದುರೆಯ ಅಗಲವಾದ ಬೆನ್ನಿನ ಮೇಲೆ ಕೂತಾಗ ಆ ಬಿಗಿತ ಸ್ವಲ್ಪ ಸಡಿಲ ಆಗುತ್ತೆ. ಕುದುರೆಯ ಮೈ ಬಿಸಿ ಸುಮಾರು 38 ಡಿಗ್ರಿ ಸೆಲ್ಸಿಯಸ್, ನಮಗಿಂತ ತುಸು ಜಾಸ್ತಿ.

ಇದಕ್ಕೆ ಹಿಪ್ಪೋಥೆರಪಿ ಅಂತ ಹೆಸರು. ಕೇಳಿದ ತಕ್ಷಣ ನಮಗೆ ನೀರಾನೆ ನೆನಪಾಯ್ತು. ಗ್ರೀಕ್ ಭಾಷೆಯಲ್ಲಿ ಹಿಪ್ಪೋಸ್ ಅಂದ್ರೆ ಕುದುರೆ. ನೀರಾನೆಯ ಹೆಸರಿಗೂ 'ನದಿಯ ಕುದುರೆ' ಅಂತಲೇ ಅರ್ಥವಂತೆ. ಮಗುವಿಗೆ ಸವಾರಿ ಕಲಿಸೋದು ಇಲ್ಲಿ ಗುರಿ ಅಲ್ಲ. ಕುದುರೆಯ ನಡಿಗೆಯೇ ಔಷಧ, ಅದರ ಡೋಸ್ ಎಷ್ಟು ಅಂತ ಥೆರಪಿಸ್ಟ್ ತೀರ್ಮಾನ ಮಾಡ್ತಾರೆ.

ಇಂಜಿನಿಯರಿಂಗ್ ಓದೋರಲ್ವಾ, ಅಳತೆ ಮಾಡದೆ ನಂಬಿಕೆ ಬರಲಿಲ್ಲ. ಮುಂದಿನ ಶನಿವಾರ ಆರ್ಡುಯಿನೋ ಜೊತೆ ಒಂದು ಆಕ್ಸಿಲರೋಮೀಟರ್ ತಗೊಂಡು ಹೋದ್ವಿ. ಮಕ್ಕಳಿಗೆ ಕಟ್ಟೋಕೆ ಮೇಡಂ ಒಪ್ಪಲಿಲ್ಲ, ನಮ್ಮ ಸೊಂಟಕ್ಕೇ ಕಟ್ಟಿಕೊಂಡ್ವಿ. ಮೊದಲು ನೆಲದ ಮೇಲೆ ನಡೆದು, ಆಮೇಲೆ ರಾಣಿ ಮೇಲೆ ಕೂತು ರೀಡಿಂಗ್ ತಗೊಂಡ್ವಿ. ಲ್ಯಾಪ್‌ಟಾಪಲ್ಲಿ ಎರಡು ಗ್ರಾಫ್ ಅಕ್ಕಪಕ್ಕ ಇಟ್ಟಾಗ ಯಾವುದು ಯಾವುದು ಅಂತ ನಮಗೇ ಗೊಂದಲ. ಒಂದು ಮೋಟಾರ್ ಕುದುರೆ ಮಾಡಿದ್ರೆ ಹುಲ್ಲು, ಲದ್ದಿ ಯಾವ ತಾಪತ್ರಯವೂ ಇಲ್ಲ ಅಂತ ಬಸ್ಸಲ್ಲಿ ದೊಡ್ಡದಾಗಿ ಮಾತಾಡಿಕೊಂಡ್ವಿ. ಅಂಥ ಯಂತ್ರಗಳು ಆಗಲೇ ಇವೆ ಅಂತ ಆಮೇಲೆ ಗೊತ್ತಾಯ್ತು.

ನಿಜವಾದ ಪಾಠ ಮೂರನೇ ಶನಿವಾರ. ಒಂದು ಮಗುವಿಗೆ ಮೂರು ಜನ ಬೇಕು: ಮುಂದೆ ಹಗ್ಗ ಹಿಡಿಯೋರು ಒಬ್ಬರು, ಎರಡೂ ಪಕ್ಕ ನಡೆಯೋರು ಒಬ್ಬೊಬ್ಬರು. ಪಕ್ಕ ನಡೆಯೋದು ನಮ್ಮ ಕೆಲಸ. ನಮಗೆ ಸಿಕ್ಕಿದ್ದು ಏಳು ವರ್ಷದ ಹುಡುಗ. ಕೂತ್ರೆ ಬಲಗಡೆಗೆ ವಾಲುತ್ತಿದ್ದ. ಬೀಳ್ತಾನೆ ಅನ್ನೋ ಭಯಕ್ಕೆ ಎರಡೂ ಕಡೆಯಿಂದ ಅವನ ಸೊಂಟ ಗಟ್ಟಿಯಾಗಿ ಹಿಡಿದು ನಡೆದ್ವಿ. ಅರ್ಧ ಗಂಟೆಯಲ್ಲಿ ಅವನು ಒಂದು ಸಲವೂ ವಾಲಲಿಲ್ಲ. ಶಭಾಷ್ ಅಂತಾರೆ ಅಂದುಕೊಂಡಿದ್ವಿ.

ಮೇಡಂ ಬೈದ್ರು. "ಇವತ್ತು ಕುದುರೆ ಮೇಲೆ ಕೂತಿದ್ದು ಅವನಲ್ಲ, ನಿಮ್ಮ ಕೈ. ಅವನ ಬೆನ್ನು ಮಾಡಬೇಕಾಗಿದ್ದ ಕೆಲಸಾನೆಲ್ಲ ನೀವೇ ಮಾಡಿಬಿಟ್ರಿ."

ಕುದುರೆ ನಿಂತಾಗ, ಮತ್ತೆ ಹೊರಟಾಗ, ತಿರುಗಿದಾಗ ಮಗು ಸ್ವಲ್ಪ ವಾಲಲೇಬೇಕು. ವಾಲಿ ತಾನೇ ನೆಟ್ಟಗಾಗಬೇಕು. ಚಿಕಿತ್ಸೆ ಅಂದ್ರೆ ಅದೇ. ನಾವು ತರಗತಿಯಲ್ಲಿ ಫೀಡ್‌ಬ್ಯಾಕ್ ಲೂಪ್ ಬಗ್ಗೆ ಪುಟಗಟ್ಟಲೆ ಬರೆದವರು; ಹೊರಗಿನಿಂದ ತಪ್ಪನ್ನೆಲ್ಲ ತಿದ್ದಿಬಿಟ್ರೆ ಒಳಗಿನ ಲೂಪ್‌ಗೆ ಕೆಲಸವೇ ಇರಲ್ಲ ಅನ್ನೋದು ಅಲ್ಲಿ ಹೊಳೆಯಲಿಲ್ಲ.

ಮುಂದಿನ ವಾರ ಕೈಯನ್ನ ಒಂದು ಗೇಣು ದೂರ ಇಟ್ಟು ನಡೆದ್ವಿ. ಗಟ್ಟಿಯಾಗಿ ಹಿಡಿಯೋದಕ್ಕಿಂತ ಇದು ಕಷ್ಟ. ತಿರುವಿನಲ್ಲಿ ಹುಡುಗ ವಾಲಿದ. ನಮ್ಮ ಕೈ ತಾನಾಗೇ ಮುಂದೆ ಹೋಯ್ತು. ಅವನ ಮಾತು ತುಂಬಾ ತೊದಲು, ಆದ್ರೆ ಇದು ಸ್ಪಷ್ಟವಾಗಿ ಕೇಳಿಸ್ತು: "ಅಣ್ಣಾ, ಕೈ ತೆಗಿ." ತೆಗೆದ್ವಿ. ಅವನು ಕಷ್ಟಪಟ್ಟು, ಹಲ್ಲು ಕಚ್ಚಿ ನೆಟ್ಟಗಾದ.

ಆ ಸಂಜೆ ಹುಡುಕಿ ಓದಿದಾಗ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬಗ್ಗೆ ತಿಳೀತು. 1944ರಲ್ಲಿ, 23ನೇ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗ ಅವರಿಗೆ ಪೋಲಿಯೋ ಬಂತು. ಮೊಣಕಾಲಿನ ಕೆಳಗೆ ಸ್ವಾಧೀನ ಮರಳಿ ಬರಲೇ ಇಲ್ಲ. ಕುದುರೆ ಹತ್ತೋಕೆ, ಇಳಿಯೋಕೆ ಬೇರೆಯವರ ಸಹಾಯ ಬೇಕಿತ್ತು. ಹಾಗಿದ್ದೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್ ಸ್ಪರ್ಧೆಯಲ್ಲಿ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೆ ಬೆಳ್ಳಿ. ಸವಾರಿ ಚಿಕಿತ್ಸೆಯ ಬಗ್ಗೆ ಯುರೋಪಿನಲ್ಲಿ ಆಸಕ್ತಿ ಹೆಚ್ಚೋಕೆ ಅವರ ಗೆಲುವು ಒಂದು ಕಾರಣ. 1969ರಲ್ಲಿ ಬ್ರಿಟನ್ನಲ್ಲೂ ಅಮೆರಿಕದಲ್ಲೂ ಇದಕ್ಕಾಗಿಯೇ ಸಂಘಗಳು ಶುರುವಾದವು. ಕುದುರೆ ಹತ್ತಿಸೋಕೆ ಜನ ಬೇಕಿತ್ತು ನಿಜ. ಹತ್ತಿದ ಮೇಲೆ ಸವಾರಿ ಅವರದೇ.

ಐದನೇ ಶನಿವಾರ ವಾಪಸ್ ಬರುವಾಗ ಬಸ್ಸಲ್ಲಿ ನಮ್ಮಲ್ಲೊಬ್ಬ ಇದ್ದಕ್ಕಿದ್ದಂತೆ ಹೇಳಿದ: "ನನ್ನ ತಮ್ಮನಿಗೂ ಇದೇ ಇದೆ." ಹನ್ನೊಂದು ವರ್ಷದ ತಮ್ಮ. ಒಂದೂವರೆ ವರ್ಷದಿಂದ ಒಟ್ಟಿಗೆ ಊಟ ಮಾಡೋ ನಮಗೆ ಮೂರು ಜನಕ್ಕೂ ಗೊತ್ತಿರಲಿಲ್ಲ. (ಇದನ್ನ ಅವನನ್ನ ಕೇಳಿಯೇ ಬರೀತಿದ್ದೀವಿ.) "ಹಾಗಾದ್ರೆ ಅವನನ್ನೂ ಕರ್ಕೊಂಡು ಬಾ" ಅಂದ್ವಿ. ಆಗಲ್ಲ ಅಂದ. ತಮ್ಮನ ಸೊಂಟದ ಕೀಲು ಜಾರಿದೆ, ಡಾಕ್ಟರ್ ಸವಾರಿ ಬೇಡ ಅಂದಿದ್ದಾರೆ. ಕುದುರೆ ಎಲ್ಲರಿಗೂ ಆಗಿಬರಲ್ಲ. ಡೌನ್ ಸಿಂಡ್ರೋಮ್ ಇರೋ ಮಕ್ಕಳಿಗೂ ಮೊದಲು ಕುತ್ತಿಗೆಯ ಮೂಳೆ ಪರೀಕ್ಷೆ ಮಾಡಿಸಬೇಕಾಗುತ್ತೆ.

"ಮನೇಲಿ ನಾನು ಅವನಿಗೆ ಚಮಚ ಕೂಡ ಹಿಡಿಯೋಕೆ ಬಿಟ್ಟಿಲ್ಲ ಕಣ್ರೋ" ಅಂದ. "ಪ್ರೀತಿಯಿಂದ್ಲೇ ಎಲ್ಲಾ ಮಾಡ್ದೆ." ಆಮೇಲೆ ಇಳಿಯೋ ಸ್ಟಾಪ್ ಬರೋವರೆಗೂ ಯಾರೂ ಮಾತಾಡಲಿಲ್ಲ.

ಆಮೇಲೊಂದು ಭಾನುವಾರ ಅವನ ಮನೆಗೆ ಊಟಕ್ಕೆ ಹೋಗಿದ್ವಿ. ತಮ್ಮ ಚಮಚ ಹಿಡಿದು ತಾನೇ ಅನ್ನ ಸಾರು ಉಂಡ. ಮುಕ್ಕಾಲು ಗಂಟೆ ಆಯ್ತು, ಅರ್ಧ ಸಾರು ಅಂಗಿ ಮೇಲೆ. ಅಮ್ಮ ಎರಡು ಸಲ ಎದ್ದು ಬಂದು ಮತ್ತೆ ಹೋಗಿ ಕೂತ್ರು. ನಮ್ಮ ಎಂಟು ಕೈಗಳೂ ಅವನ ತಟ್ಟೆಯ ಹತ್ತಿರವೇ ಇದ್ದವು. ಯಾರೂ ಮುಟ್ಟಲಿಲ್ಲ.

ಎಂಟು ಶನಿವಾರ ಮುಗಿದು ಸರ್ಟಿಫಿಕೇಟ್ ಬಂದಿದೆ. ನಮ್ಮ ಏಳು ವರ್ಷದ ಹುಡುಗ ನಡೆಯೋಕೆ ಶುರು ಮಾಡಿಲ್ಲ. ದಿಂಬಿನ ಆಸರೆ ಇಲ್ಲದೆ ಸ್ವಲ್ಪ ಹೊತ್ತು ಕೂರ್ತಾನೆ ಅಂತ ಅವನ ಅಮ್ಮ ಹೇಳಿದ್ರು. ನಾವು ಈಗಲೂ ಹೋಗ್ತಿದ್ದೀವಿ. ಮುಂದಿನ ಸೆಮಿಸ್ಟರ್‌ಗೆ ಬರೋ ಇಷ್ಟ ಇದ್ದೋರು ಹೇಳಿ. ಗಟ್ಟಿ ಶೂ ಹಾಕ್ಕೊಂಡು ಬನ್ನಿ, ಕುದುರೆಯ ಹಿಂದೆ ನಿಲ್ಲಬೇಡಿ. ರೀಲ್ ಮಾಡೋಕಂತೂ ಮೇಡಂ ಬಿಡಲ್ಲ.