ಮಾತ್ರೆ ತಗೊಂಡ್ಯಾ?

ಮೂರನೇ ಸೆಮಿಸ್ಟರಿನ ಮಧ್ಯದಲ್ಲಿ ನಮ್ಮ ರೂಮಿನ ನಾಲ್ಕನೆಯವನು ಊರಿಗೆ ಹೋದ. ಅದಕ್ಕೂ ಮುಂಚೆ ಎಷ್ಟೋ ದಿನ ಮೆಸ್ಸಿಗೆ ಬರದೆ, ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದ. ನಾವು ಮೂವರೂ ಅದನ್ನ ಸೋಮಾರಿತನ ಅಂದ್ಕೊಂಡು ತಮಾಷೆ ಮಾಡ್ತಿದ್ದೆವು. ಅವನ ಅಪ್ಪ ಬಂದು ಕರ್ಕೊಂಡು ಹೋದಮೇಲೆಯೇ ಅದು ಖಿನ್ನತೆ ಅಂತ ಗೊತ್ತಾಗಿದ್ದು.

ಎರಡು ತಿಂಗಳ ಚಿಕಿತ್ಸೆ ಮುಗಿಸಿ ವಾಪಸ್ ಬಂದ. ನಾವು ತುಂಬಾ ಒಳ್ಳೆಯವರಾಗಿಬಿಟ್ಟೆವು. ಅವನು ರೂಮಿಗೆ ಬಂದರೆ ಮಾತು ನಿಲ್ಲಿಸ್ತಿದ್ದೆವು. ಪ್ರಾಜೆಕ್ಟಿನಲ್ಲಿ ಅವನಿಗೆ ರಿಪೋರ್ಟ್ ಪ್ರಿಂಟ್ ತೆಗೆಸೋ ಕೆಲಸ ಮಾತ್ರ ಕೊಟ್ಟೆವು. ಒಂದು ದಿನ ನಮ್ಮಲ್ಲೊಬ್ಬ ಅವನ ಬಕೆಟ್ ಕೇಳದೇ ತಗೊಂಡಿದ್ದಕ್ಕೆ ಅವನು ಕಿರುಚಾಡಿದ. ಯಾರಿಗಾದರೂ ಬರೋ ಸಿಟ್ಟೇ ಅದು. ನಾವು ಒಬ್ಬರ ಮುಖ ಒಬ್ಬರು ನೋಡಿ, ಮೆಲ್ಲಗೆ ಕೇಳಿದೆವು: "ಇವತ್ತು ಮಾತ್ರೆ ತಗೊಂಡ್ಯಾ?"

ಅವನು ಉತ್ತರ ಕೊಡಲಿಲ್ಲ.

ಮನೋವೈಜ್ಞಾನಿಕ ಸಿನಿಮಾ ಅಂದ್ರೆ ನಮಗೆ ಗೊತ್ತಿದ್ದದ್ದು 'ಆಪ್ತಮಿತ್ರ'. 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'ನ ರೀಮೇಕ್ ಆಗಿ 2004ರಲ್ಲಿ ಬಂದದ್ದು. ಈ ಬಗೆಯ ಸಿನಿಮಾಗಳ ರೂಢಿಗಳೆಲ್ಲ ಅದರಲ್ಲಿವೆ: ಬೀಗ ಹಾಕಿದ ಕೋಣೆ, ಹಳೆಯ ಕಥೆ, ಒಂದೇ ದೇಹದಲ್ಲಿ ಎರಡು ಮನಸ್ಸು, ಕೊನೆಗೆ ಎಲ್ಲವನ್ನೂ ಬಿಡಿಸಿ ಹೇಳೋ ಡಾಕ್ಟರ್. ಸೌಂದರ್ಯ ನಾಗವಲ್ಲಿಯಾಗೋದನ್ನ ಟಿವಿಯಲ್ಲಿ ಎಷ್ಟು ಸಲ ನೋಡಿದ್ದೀವೋ ಲೆಕ್ಕವಿಲ್ಲ. ಆದರೆ ಅಲ್ಲಿ ಕಾಯಿಲೆ ವಾಸಿಯಾದ ಕೂಡಲೇ ಕಥೆ ಮುಗಿಯುತ್ತೆ. ನಮ್ಮಂಥ ಎಂಜಿನಿಯರಿಂಗ್‌ನವರಿಗೂ ಅದೇ ಹಿತ. ತಪ್ಪು ಎಲ್ಲಿದೆ ಅಂತ ಹುಡುಕು, ಸರಿಮಾಡು, ಮುಗೀತು.

ಆಮೇಲೊಂದು ಭಾನುವಾರ ರೂಮಿನಲ್ಲಿ ನಾಲ್ವರೂ ಲ್ಯಾಪ್‌ಟಾಪ್ ಮುಂದೆ ಕೂತು 'ಶರಪಂಜರ' ನೋಡಿದೆವು. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ಚಿತ್ರ. ಕಲ್ಪನಾ ಮಾಡಿರೋ ಕಾವೇರಿಗೆ ಎರಡನೇ ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ತಪ್ಪುತ್ತೆ. ಆಸ್ಪತ್ರೆ ಸೇರ್ತಾಳೆ, ಗುಣವಾಗಿ ಮನೆಗೆ ಬರ್ತಾಳೆ. ಬೇರೆಯವರು 'ಶುಭಂ' ಹಾಕೋ ಜಾಗದಲ್ಲಿ ಪುಟ್ಟಣ್ಣನವರ ನಿಜವಾದ ಕಥೆ ಶುರು. ಗಂಡ ದೂರ ನಿಲ್ತಾನೆ. ಸುತ್ತಲಿನ ಜನಕ್ಕೆ ಅವಳು ಇನ್ನೂ ಹುಚ್ಚಿಯೇ. ಗಂಡನಿಗೆ ಬೇರೊಬ್ಬಳ ಸಂಬಂಧ ಇರೋದು ತಿಳಿದಾಗ ಅವಳ ದುಃಖಕ್ಕೆ ನ್ಯಾಯವಾದ ಕಾರಣವೇ ಇರುತ್ತೆ. ಆದರೂ ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗ್ತಾಳೆ. ಗಂಡನನ್ನ ಯಾರೂ ಯಾವ ಆಸ್ಪತ್ರೆಗೂ ಕಳಿಸೋದಿಲ್ಲ.

ಪುಟ್ಟಣ್ಣನವರೇ ಮುಂದೆ 'ಮಾನಸ ಸರೋವರ'ದಲ್ಲಿ ಇನ್ನೊಂದು ಹೆಜ್ಜೆ ಹೋದರು. ಅಲ್ಲಿ ರೋಗಿ ಗುಣವಾಗ್ತಾಳೆ, ಅವಳನ್ನು ಪ್ರೀತಿಸಿದ ಮನೋವೈದ್ಯನೇ ಹುಚ್ಚನಾಗ್ತಾನೆ. ಸರಿ ಇರೋರು, ಇಲ್ಲದವರು ಅಂತ ನಾವು ಎಳೆಯೋ ಗೆರೆ ಅಷ್ಟು ಗಟ್ಟಿಯದಲ್ಲ ಅಂತ ಆ ಸಿನಿಮಾ ನೋಡಿದಾಗ ಅನ್ನಿಸ್ತು.

'ಶರಪಂಜರ' ಮುಗಿದಾಗ ರಾತ್ರಿ ಹನ್ನೊಂದೂವರೆ. ಇಂಥ ಸಿನಿಮಾ ತೋರಿಸಿ ತಪ್ಪು ಮಾಡಿದ್ವಾ ಅಂತ ನಾವು ಕಳ್ಳನೋಟದಲ್ಲಿ ಅವನ ಕಡೆ ನೋಡ್ತಿದ್ದೆವು. ಅದೇ ನೋಟ ಅವನಿಗೆ ಸಾಕಾಗಿಹೋಗಿತ್ತು ಅನ್ಸುತ್ತೆ.

"ಮಾತ್ರೆ ತಗೊಂಡಿದ್ದೆ ಕಣ್ರೋ ಅವತ್ತು. ಆದ್ರೂ ಬಕೆಟ್ ನಂದೇ ತಾನೆ?" ಅಂದ.

ಯಾರೂ ನಗಲಿಲ್ಲ. ಬಕೆಟ್ ತಗೊಂಡಿದ್ದವನು "ಸಾರಿ ಮಗಾ" ಅಂದ. ಎರಡು ತಿಂಗಳಲ್ಲಿ ನಾವು ಅವನ ಜೊತೆ ಸಮಸಮವಾಗಿ ಆಡಿದ ಮೊದಲ ಮಾತು ಅದು. ಮಾರನೇ ದಿನ ಪ್ರಾಜೆಕ್ಟಿನ ಕೋಡ್ ಅವನ ಕೈಗೂ ಕೊಟ್ಟೆವು. ತಪ್ಪು ಮಾಡಿದ, ಬೈದೆವು. ಅವನೂ ತಿರುಗಿ ಬೈದ.

ಇದನ್ನ ಬರೆಯೋಕೆ ಮುಂಚೆ ಅವನನ್ನ ಕೇಳಿದೆವು. "ಬರೀರಿ, ಆದ್ರೆ ನೀವು ದೊಡ್ಡ ಮನುಷ್ಯರು ಅನ್ನೋ ಥರ ಬರೀಬೇಡಿ" ಅಂದ. ಬರೆದಿಲ್ಲ ಅಂದ್ಕೊಂಡಿದ್ದೀವಿ. ನಿಮ್ಮ ರೂಮಿಗೂ ಯಾರಾದರೂ ಹೀಗೆ ವಾಪಸ್ ಬಂದರೆ, ಅವರ ಸಿಟ್ಟನ್ನ ಬರೀ ಸಿಟ್ಟು ಅಂತಲೇ ತಗೊಳ್ಳಿ.